ರನ್ನರ್ ಬೀನ್ಸ್: ಹೂವು ರಾಶಿ ರಾಶಿ, ಕಾಯಿ ಮಾತ್ರ ಇಲ್ಲ. ಯಾವ ತಳಿ ನಂಬಬಹುದು?

ಪ್ರಶ್ನೆ: ಸರ್, ಎರಡು ವರ್ಷದಿಂದ ಹಿತ್ತಲಲ್ಲಿ ರನ್ನರ್ ಬೀನ್ಸ್ ಹಾಕುತ್ತಿದ್ದೇನೆ. ಬಳ್ಳಿ ಕೋಲಿನ ತುದಿ ದಾಟಿ ಹೋಗುತ್ತದೆ. ಕೆಂಪು ಹೂವು ಗೊಂಚಲು ಗೊಂಚಲಾಗಿ ಬಿಡುತ್ತದೆ. ಆದರೆ ಮುಕ್ಕಾಲು ಪಾಲು ಹಾಗೇ ಉದುರಿಹೋಗುತ್ತದೆ. ಉಳಿದ ನಾಲ್ಕು ಕಾಯಿಯಲ್ಲೂ ಬರೀ ನಾರು. ಪೊಟ್ಟಣದ ಮೇಲೆ ಸ್ಕಾರ್ಲೆಟ್ ಎಂಪರರ್ ಅಂತ ಇತ್ತು. ಯಾರೋ ಹೇಳಿದರು ಅಂತ ದಿನಾ ಸಂಜೆ ಹೂವಿಗೆ ನೀರು ಚಿಮುಕಿಸಿದ್ದೂ ಆಯಿತು. ಈ ಸಲ ನಂಬಿ ಹಾಕಬಹುದಾದ ತಳಿ ಇದ್ದರೆ ಹೇಳಿ. ನನ್ನ ಹತ್ತಿರ ಇರುವುದು ಒಂದು ಉದ್ದನೆಯ ಪಾತಿ, ಎರಡು ದೊಡ್ಡ ಕುಂಡ.

ಉತ್ತರ: ಸ್ಕಾರ್ಲೆಟ್ ಎಂಪರರ್ ಕೆಟ್ಟ ತಳಿಯೇನಲ್ಲ. ನೂರು ವರ್ಷಕ್ಕೂ ಮೇಲ್ಪಟ್ಟು ಜನ ಬೆಳೆಯುತ್ತಾ ಬಂದಿರುವ ತಳಿ ಅದು. ರುಚಿಗಾಗಿ ಇವತ್ತಿಗೂ ಅದನ್ನು ಬಿಟ್ಟುಕೊಡದವರು ಬಹಳ ಮಂದಿ ಇದ್ದಾರೆ. ಆದರೆ ಅದಕ್ಕೆ ತಂಪು ರಾತ್ರಿ ಬೇಕು. ನಿಮ್ಮ ಪತ್ರ ಓದಿದರೆ ಬಳ್ಳಿಗೆ ಅಂಥ ಕೊರತೆ ಏನೂ ಕಾಣುವುದಿಲ್ಲ. ಎತ್ತರ ಬಂದಿದೆ, ಹೂವೂ ಬಂದಿದೆ. ಎಡವಟ್ಟಾಗುತ್ತಿರುವುದು ಹೂವು ಕಾಯಿಯಾಗುವ ಹಂತದಲ್ಲಿ ಮಾತ್ರ. ಆದ್ದರಿಂದ ತಳಿ ಆರಿಸುವಾಗ ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟೇ: ಹೂ ಬಿಡುವ ವಾರಗಳಲ್ಲಿ ನಿಮ್ಮಲ್ಲಿ ರಾತ್ರಿ ಎಷ್ಟು ಬೆಚ್ಚಗಿರುತ್ತದೆ? ಅಂಥ ರಾತ್ರಿಯಲ್ಲೂ ಕಾಯಿ ಕಚ್ಚುವ ತಳಿ ಯಾವುದು? ಕಾಯಿ ಎಷ್ಟುದ್ದ, ಪೊಟ್ಟಣದ ಚಿತ್ರ ಎಷ್ಟು ಚೆನ್ನ ಅನ್ನುವುದೆಲ್ಲ ಆಮೇಲಿನ ಮಾತು.

ಈ ಗಿಡದ ತವರು ಮೆಕ್ಸಿಕೊ, ಗ್ವಾಟೆಮಾಲಾ ಕಡೆಯ ಎತ್ತರದ ಗುಡ್ಡಗಾಡು. ಅಲ್ಲಿ ಹಗಲು ಬಿಸಿಲಿದ್ದರೂ ರಾತ್ರಿ ತಂಪು, ಮಣ್ಣಿನಲ್ಲಿ ತೇವ ಇರುತ್ತದೆ. 17ನೇ ಶತಮಾನದಲ್ಲಿ ಇಂಗ್ಲೆಂಡಿಗೆ ಹೋದಾಗ ಜನ ಇದನ್ನು ಬೆಳೆದದ್ದು ಹೂವಿನ ಚಂದಕ್ಕೆ. ಕಾಯಿ ತಿನ್ನಲು ಶುರು ಮಾಡಿದ್ದು ಆಮೇಲೆ. ನಾವು ದಿನಾ ನೋಡುವ ಬೀನ್ಸಿಗೆ ಇದು ಹತ್ತಿರದ ನೆಂಟ, ಆದರೆ ಜಾತಿ ಬೇರೆ. ಅದು ಫೇಸಿಯೋಲಸ್ ವಲ್ಗ್ಯಾರಿಸ್, ಇದು ಫೇಸಿಯೋಲಸ್ ಕಾಕ್ಸಿನಿಯಸ್. ಸಾಮಾನ್ಯ ಬೀನ್ಸ್ ಯಾರ ಹಂಗೂ ಇಲ್ಲದೆ ತಾನೇ ಕಾಯಿ ಕಚ್ಚುತ್ತದೆ. ರನ್ನರ್ ಬೀನ್ಸಿಗೆ ದುಂಬಿಯೋ ಜೇನೋ ಬಂದು ಹೋಗಲೇಬೇಕು.

ಯಾಕೆ ಅಂತ ಗೊತ್ತಾಗಬೇಕಾದರೆ ಒಂದು ಹೂವನ್ನು ಹತ್ತಿರದಿಂದ ನೋಡಿ. ಮೇಲೆ ಒಂದು ಅಗಲವಾದ ಎಸಳು, ಕೆಳಗೆ ರೆಕ್ಕೆಯಂಥ ಎರಡು ಎಸಳು. ರೆಕ್ಕೆಗಳ ನಡುವೆ ಸುರುಳಿ ಸುತ್ತಿಕೊಂಡ ಒಂದು ಪುಟ್ಟ ನಳಿಗೆ. ಗಂಡು ಭಾಗ, ಹೆಣ್ಣು ಭಾಗ ಎರಡೂ ಅದರೊಳಗೆ ಬಚ್ಚಿಟ್ಟುಕೊಂಡಿರುತ್ತವೆ. ಎರಡು ರೆಕ್ಕೆಗಳನ್ನೂ ಬೆರಳಿನಿಂದ ಮೆಲ್ಲಗೆ ಕೆಳಗೆ ಒತ್ತಿ. ಸುರುಳಿಯ ತುದಿಯಿಂದ ಪರಾಗ ಮೆತ್ತಿಕೊಂಡ ಒಂದು ಎಳೆ ಹೊರಗೆ ಇಣುಕುತ್ತದೆ. ಕೈ ಬಿಟ್ಟರೆ ಮತ್ತೆ ಒಳಗೆ ಸರಿಯುತ್ತದೆ. ದಪ್ಪ ದುಂಬಿ ರೆಕ್ಕೆಯ ಮೇಲೆ ಕೂತು ಮಕರಂದಕ್ಕೆ ತಲೆ ತೂರಿಸಿದಾಗ ನಡೆಯುವುದೂ ಇದೇ. ಆ ಎಳೆಯ ತುದಿಯ ಮೇಲೆ ತೆಳುವಾದ ಒಂದು ಪೊರೆ ಇರುತ್ತದೆ. ದುಂಬಿಯ ಮೈಗೆ ಉಜ್ಜಿ ಆ ಪೊರೆ ಹರಿದರೇನೇ ಪರಾಗ ಅಲ್ಲಿ ಅಂಟಿ ಕೆಲಸ ಮಾಡುವುದು. ಯಾರೂ ಬಂದು ಒತ್ತದೇ ಇದ್ದರೆ, ತನ್ನದೇ ಪರಾಗ ಪಕ್ಕದಲ್ಲೇ ಇದ್ದರೂ ಸಾಮಾನ್ಯವಾಗಿ ಆ ಹೂವು ಕಾಯಿಯಾಗುವುದಿಲ್ಲ.

ಇನ್ನೊಂದು ತಮಾಷೆ ಇದೆ. ಉದುರಿದ ಹೂವುಗಳನ್ನು ಎತ್ತಿಕೊಂಡು ಬುಡದ ಹತ್ತಿರ ನೋಡಿ. ಅಲ್ಲಿ ಸಣ್ಣ ತೂತು ಕಂಡರೆ ದುಂಬಿ ಬಂದಿದ್ದು ನಿಜ, ಆದರೆ ಮುಂಬಾಗಿಲಿನಿಂದಲ್ಲ. ನಾಲಿಗೆ ಚಿಕ್ಕದಿರುವ ದುಂಬಿಗಳಿಗೆ ಮುಂದಿನಿಂದ ಮಕರಂದ ಎಟುಕುವುದಿಲ್ಲ. ಅವು ಬುಡದಲ್ಲಿ ಕಚ್ಚಿ ತೂತು ಮಾಡಿ ಹೀರಿಕೊಂಡು ಹೋಗುತ್ತವೆ. ಜೇನುಹುಳಗಳೂ ಅದೇ ತೂತಿನಲ್ಲಿ ಪಾಲು ಪಡೆಯುತ್ತವೆ. ಪರಾಗ ಮಾತ್ರ ಇದ್ದಲ್ಲೇ ಇರುತ್ತದೆ. ನೋಡುವವರಿಗೆ "ತೋಟದ ತುಂಬ ದುಂಬಿ, ಆದರೂ ಕಾಯಿಲ್ಲ" ಅನ್ನಿಸುತ್ತದೆ, ಅಲ್ವಾ? ಉದುರಿದ ಹೂವುಗಳಲ್ಲಿ ತೂತು ಜಾಸ್ತಿ ಕಂಡರೆ ನಿಮ್ಮ ತೊಂದರೆಯ ಒಂದು ಪಾಲು ಇದೇ ಅಂತ ತಿಳಿಯಿರಿ. ಒಂದೂ ತೂತಿಲ್ಲ, ದುಂಬಿಯೂ ಕಾಣಲಿಲ್ಲ ಅಂದರೆ ಜಾಗಕ್ಕೆ ಗಾಳಿ ಹೊಡೆತ ಇದೆಯೇ ನೋಡಿ. ಜೋರು ಗಾಳಿಗೆ ದುಂಬಿ ಬರುವುದೇ ಕಡಿಮೆ.

ತೂತು ಇಲ್ಲ, ದುಂಬಿ ಓಡಾಟ ಚೆನ್ನಾಗಿದೆ, ಆದರೂ ಹೂವು ಉದುರುತ್ತದೆ. ಹಾಗಿದ್ದರೆ ಅನುಮಾನ ಪಡಬೇಕಾದದ್ದು ರಾತ್ರಿಯ ಬಿಸಿ ಮತ್ತು ಬುಡದ ಒಣಗಲು. ಸಾಲಾಗಿ ಕೆಲವು ದಿನ ರಾತ್ರಿಯೂ ಉಷ್ಣತೆ 16 ಡಿಗ್ರಿಗಿಂತ ಕೆಳಗೆ ಇಳಿಯದಿದ್ದರೆ ಹಳೆಯ ರನ್ನರ್ ತಳಿಗಳಲ್ಲಿ ಕಾಯಿ ಕಚ್ಚುವುದು ಕುಸಿಯುತ್ತದೆ. ಬಿಸಿ ಬಯಲಿನಲ್ಲಿ ಬಳ್ಳಿ ಹುಲುಸಾಗಿ ಬೆಳೆದು ಬರೀ ಹೂವು ತೋರಿಸಿ ಸುಮ್ಮನಾಗುವುದು ಇದಕ್ಕೇ. ಹಾಗಂತ ಬಿದ್ದ ಹೂವನ್ನೆಲ್ಲ ಲೆಕ್ಕ ಹಾಕಿ ಗಾಬರಿಯಾಗಬೇಡಿ. ಎಲ್ಲ ಸರಿ ಇದ್ದಾಗಲೂ ಒಂದು ಗೊಂಚಲಿನ ಎಲ್ಲ ಹೂವೂ ಕಾಯಿಯಾಗುವುದಿಲ್ಲ. ಬಾಡಿದ ಹೂವಿನ ಒಳಗಿನಿಂದ ಹಸಿರು ಕೊಕ್ಕೆಯಂಥದ್ದು ಇಣುಕುತ್ತಿದ್ದರೆ ಆ ಕಾಯಿ ಗೆದ್ದಂತೆ.

ಈಗ ತಳಿಗಳ ವಿಷಯಕ್ಕೆ ಬರೋಣ.

ನಿಮಗೆ ನಾನು ಮೊದಲು ಹೇಳುವುದು ಮೂನ್‌ಲೈಟ್. ಬಿಳಿ ಹೂವಿನ ತಳಿ. ರನ್ನರ್ ಬೀನ್ಸಿಗೆ ಸಾಮಾನ್ಯ ಬೀನ್ಸನ್ನು ಕೂಡಿಸಿ ಬೆಳೆಸಿದ ಹೊಸ ಪೀಳಿಗೆಯದು. ಸಾಮಾನ್ಯ ಬೀನ್ಸಿನಿಂದ ಇದಕ್ಕೆ ಬಂದ ಗುಣ ಏನೆಂದರೆ, ದುಂಬಿ ಬರದಿದ್ದರೂ ತಾನೇ ಕಾಯಿ ಕಚ್ಚುತ್ತದೆ. ಬಿಸಿ, ಗಾಳಿ, ಮೋಡ ಮುಚ್ಚಿದ ದಿನ ಯಾವುದಕ್ಕೂ ಹಳೆಯ ತಳಿಗಳಷ್ಟು ಬೆದರುವುದಿಲ್ಲ. ಕಾಯಿ ನುಣುಪು, ನಾರು ಕಡಿಮೆ. ಕೆಂಪು ಹೂವೇ ಬೇಕು ಅಂದರೆ ಇದೇ ಬಗೆಯ ಫೈರ್‌ಸ್ಟಾರ್ಮ್ ಇದೆ. ಗುಣದಲ್ಲಿ ಎರಡೂ ಒಂದೇ ದಾರಿ. ರುಚಿಯಲ್ಲಿ ಇವು ಅಪ್ಪಟ ರನ್ನರ್‌ಗಿಂತ ಸ್ವಲ್ಪ ಸೌಮ್ಯ ಅನ್ನುವವರಿದ್ದಾರೆ. ನನಗೂ ಹಾಗೇ ಅನ್ನಿಸುತ್ತದೆ. ಆದರೆ ಬಳ್ಳಿಯಲ್ಲಿ ಕಾಯೇ ಇಲ್ಲದಿದ್ದಾಗ ರುಚಿಯ ಚರ್ಚೆ ಯಾಕೆ?

ಎರಡನೆಯದು ವೈಟ್ ಲೇಡಿ. ಇದೂ ಬಿಳಿ ಹೂವೇ, ಆದರೆ ಅಪ್ಪಟ ರನ್ನರ್. ಬಿಸಿ ಹವೆಯಲ್ಲಿ ಕೆಂಪು ಹೂವಿನ ಹಳೆಯ ತಳಿಗಳಿಗಿಂತ ಚೆನ್ನಾಗಿ ಕಾಯಿ ಹಿಡಿಯುತ್ತದೆ ಅಂತಲೇ ಹೆಸರು. ಕಾಯಿ ದಪ್ಪ, ತಿರುಳು ಜಾಸ್ತಿ, ನಾರು ಬರುವುದು ತಡ. ಹಕ್ಕಿಗಳು ಕೆಂಪು ಹೂವನ್ನು ಕುಕ್ಕಿ ಹಾಳು ಮಾಡುವ ಜಾಗದಲ್ಲಿ ಬಿಳಿ ಹೂವನ್ನು ಅಷ್ಟಾಗಿ ಮುಟ್ಟುವುದಿಲ್ಲ ಅಂತ ಬೆಳೆಯುವವರು ಹೇಳುತ್ತಾರೆ. ಮೂನ್‌ಲೈಟ್, ಫೈರ್‌ಸ್ಟಾರ್ಮ್, ವೈಟ್ ಲೇಡಿ ಈ ಮೂರಕ್ಕೂ ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯ ಅವಾರ್ಡ್ ಆಫ್ ಗಾರ್ಡನ್ ಮೆರಿಟ್ ಸಿಕ್ಕಿದೆ. ಮನೆತೋಟದಲ್ಲಿ ಹಾಕಿದರೆ ಕೈ ಕೊಡದ ಗಿಡ ಅನ್ನುವ ಮೆಚ್ಚುಗೆ ಅದು. ಆದರೆ ಆ ಪರೀಕ್ಷೆ ನಡೆಯುವುದು ಅಲ್ಲಿನ ಹವೆಯಲ್ಲಿ ಅನ್ನುವುದು ನೆನಪಿರಲಿ. ತಂಪು ನಾಡಿನಲ್ಲಿ ಗೆದ್ದ ತಳಿ ಬಿಸಿಲಿನಲ್ಲೂ ಹಾಗೇ ಗೆಲ್ಲುತ್ತದೆ ಅಂತ ಬರೆದುಕೊಡಲು ಆಗುವುದಿಲ್ಲ.

ರಾತ್ರಿ ಚೆನ್ನಾಗಿ ತಣಿಯುವ ಊರಾದರೆ ಆಯ್ಕೆ ಜಾಸ್ತಿ. ಬೇಗ ಕಾಯಿ ಬೇಕಿದ್ದರೆ ಕೆಂಪು ಹೂವಿನ ಪೋಲ್‌ಸ್ಟಾರ್. ನಾರಿಲ್ಲದ ಕಾಯಿ, ಇಳುವರಿಯೂ ಧಾರಾಳ. ಪೇಂಟೆಡ್ ಲೇಡಿ ಬಹಳ ಹಳೆಯ ತಳಿ. ಒಂದೇ ಹೂವಿನಲ್ಲಿ ಕೆಂಪೂ ಬಿಳಿಯೂ. ಕಾಯಿ ಚಿಕ್ಕದು, ಆದರೆ ಬೇಲಿಗೆ ಹಬ್ಬಿಸಿದರೆ ನೋಡುವುದೇ ಒಂದು ಸಂತೋಷ. ಎನಾರ್ಮಾ ಉದ್ದ ಕಾಯಿಗೆ ಪ್ರಸಿದ್ಧ. ಪ್ರದರ್ಶನದಲ್ಲಿ ಇಡುವವರು ಅದನ್ನು ಹುಡುಕುತ್ತಾರೆ. ಅಡುಗೆಮನೆಗೆ ಅಷ್ಟುದ್ದದ ಕಾಯಿ ಯಾಕೆ ಅನ್ನುವುದು ನನ್ನ ತಕರಾರು. ಒಣಕಾಳಿಗಾಗಿ ಬೆಳೆಯುವುದಾದರೆ ಜಾರ್ ಅನ್ನುವ ತಳಿ ನೋಡಿ. ದಪ್ಪ ಬಿಳಿ ಕಾಳು.

ನಿಮ್ಮ ಎರಡು ಕುಂಡಗಳಿಗೆ ಹೆಸ್ಟಿಯಾ ಸರಿ. ಇದು ಕುಳ್ಳ ತಳಿ, ಅರ್ಧ ಮೀಟರಿನೊಳಗೇ ನಿಲ್ಲುತ್ತದೆ. ಎರಡು ಬಣ್ಣದ ಹೂವು. ಎತ್ತರದ ಕೋಲು ಬೇಕಿಲ್ಲ, ನಾಲ್ಕು ಸಣ್ಣ ಕಡ್ಡಿ ಸಿಕ್ಕಿಸಿದರೆ ಕಾಯಿ ಮಣ್ಣಿಗೆ ತಾಗುವುದಿಲ್ಲ. ಇಳುವರಿ ಬಳ್ಳಿಯಷ್ಟು ಬರುವುದಿಲ್ಲ. ಕುಂಡ ಒಣಗಲು ಬಿಟ್ಟರೆ ಅದೂ ಇಲ್ಲ.

ಪಾತಿಗೆ ಒಂದೇ ತಳಿ ತುಂಬಬೇಡಿ. ಅರ್ಧ ಮೂನ್‌ಲೈಟ್, ಅರ್ಧ ವೈಟ್ ಲೇಡಿ ಹಾಕಿ. ಎರಡು ಗಿಡ ಸ್ಕಾರ್ಲೆಟ್ ಎಂಪರರ್ ಕೂಡ ಇರಲಿ. ಮೂರೂ ಒಂದೇ ಮಣ್ಣು, ಒಂದೇ ನೀರಿನಲ್ಲಿ ಬೆಳೆದಾಗ ನಿಮ್ಮ ಜಾಗದ ಗುಟ್ಟು ಬಯಲಾಗುತ್ತದೆ. ಮೂನ್‌ಲೈಟ್ ಕಾಯಿ ಹಿಡಿದು ಉಳಿದೆರಡೂ ಉದುರಿಸಿದರೆ ಕಾರಣ ಬಿಸಿ ರಾತ್ರಿ ಇಲ್ಲವೇ ದುಂಬಿ. ಮೂರೂ ಉದುರಿಸಿದರೆ ತಪ್ಪು ಬುಡದಲ್ಲಿದೆ, ಅಂದರೆ ನೀರಿನಲ್ಲಿ ಅಥವಾ ಗೊಬ್ಬರದಲ್ಲಿ.

ನೀರು ಅಂದಾಗ ಆ ಚಿಮುಕಿಸುವ ವಿಷಯ ಹೇಳಿಬಿಡುತ್ತೇನೆ. ಸಂಜೆ ಹೂವಿಗೆ ನೀರು ಚಿಮುಕಿಸಿದರೆ ಕಾಯಿ ಕಚ್ಚುತ್ತದೆ ಅನ್ನುವುದು ಬಹಳ ಹಳೆಯ ನಂಬಿಕೆ. ಅದರಿಂದ ಉಪಯೋಗ ಇಲ್ಲ. ಸುಮ್ನೆ ಹೂವು ಒದ್ದೆ ಆಗುತ್ತದೆ ಅಷ್ಟೇ. ನೀರು ಬೇಕಾಗಿರುವುದು ಬೇರಿಗೆ. ಮೊಗ್ಗು ಕಾಣಿಸಿಕೊಂಡ ದಿನದಿಂದ, ಮಳೆ ಇಲ್ಲದಿದ್ದರೆ, ಚದರ ಮೀಟರಿಗೆ 5ರಿಂದ 9 ಲೀಟರ್ ನೀರನ್ನು 3–4 ದಿನಕ್ಕೊಮ್ಮೆ ಕೊಡಿ. ದಿನಾ ಒಂದೊಂದು ಚೊಂಬು ಹಾಕಿದರೆ ಮೇಲಿನ ಒಂದಂಗುಲ ಮಣ್ಣು ಮಾತ್ರ ನೆನೆಯುತ್ತದೆ, ಆಳದ ಬೇರಿಗೆ ಏನೂ ಸಿಗುವುದಿಲ್ಲ. ಬೆರಳು ಮಣ್ಣಿನೊಳಗೆ ಪೂರ್ತಿ ಇಳಿಸಿ ನೋಡಿ. ತುದಿಗೆ ತಂಪು ತಾಗಬೇಕು. ನೀರು ಹಾಕಿದ ಮೇಲೆ ಒಣ ಎಲೆಯನ್ನೋ ಹುಲ್ಲನ್ನೋ ಬುಡಕ್ಕೆ ದಪ್ಪಗೆ ಹೊದಿಸಿದರೆ ಅರ್ಧ ಕೆಲಸ ಕಡಿಮೆ. ಮಣ್ಣು ತಂಪಾಗಿಯೂ ಇರುತ್ತದೆ.

ಬಿತ್ತುವುದಕ್ಕೆ ಕೆಲವು ವಾರ ಮುಂಚೆಯೇ ಪಾತಿಯ ಉದ್ದಕ್ಕೂ ಒಂದು ಗುದ್ದಲಿ ಆಳದ ಕಾಲುವೆ ತೆಗೆದು ಚೆನ್ನಾಗಿ ಕಳಿತ ಗೊಬ್ಬರ ತುಂಬಿ ಮುಚ್ಚಿ. ಇದು ಊಟಕ್ಕಿಂತ ಹೆಚ್ಚಾಗಿ ನೀರು ಹಿಡಿದಿಡುವುದಕ್ಕೆ. ಹಸಿ ಗೊಬ್ಬರ ಬೇಡ, ಯೂರಿಯಾ ಅಂತೂ ಬೇಡವೇ ಬೇಡ. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯಿಂದಲೇ ಸಾರಜನಕ ಒದಗಿಸಿಕೊಡುತ್ತವೆ. ಅದರ ಮೇಲೆ ನೀವೂ ಸಾರಜನಕ ಸುರಿದರೆ ಬಳ್ಳಿ ಎಲೆ ಎಲೆಯಾಗಿ ಕೊಬ್ಬುತ್ತದೆ. ನಿಮ್ಮ ಬಳ್ಳಿ ಕೋಲಿನ ತುದಿ ದಾಟಿ ಹೋಗುತ್ತದೆ ಅಂದಿರಲ್ಲ, ಅದನ್ನು ಓದಿದಾಗ ನನಗೆ ಗೊಬ್ಬರದ ಮೇಲೂ ಸ್ವಲ್ಪ ಅನುಮಾನ ಬಂತು. ಹುಳಿ ಮಣ್ಣಾದರೆ ಮುಂಚಿತವಾಗಿ ಸ್ವಲ್ಪ ಕೃಷಿ ಸುಣ್ಣ ಬೆರೆಸಿ. ಹುಳಿ ಮಣ್ಣಿನಲ್ಲಿ ಕಾಯಿ ಹಿಡಿಯುವುದು ಕಡಿಮೆ.

ಬಿತ್ತನೆಗೆ ಅವಸರ ಬೇಡ. ಮಣ್ಣು ಕನಿಷ್ಠ 12 ಡಿಗ್ರಿಯಾದರೂ ಬೆಚ್ಚಗಾಗಿರಬೇಕು. ತಣ್ಣನೆಯ ಒದ್ದೆ ಮಣ್ಣಿನಲ್ಲಿ ಬೀಜ ಕೊಳೆತುಹೋಗುತ್ತದೆ. ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ ಬೀಳುವ ಕಡೆ ಆ ಕಾಲ ಪೂರ್ತಿ ಕಳೆಯಬೇಕು. ಬೀಜ 5 ಸೆಂಟಿಮೀಟರ್ ಆಳ, ಗಿಡದಿಂದ ಗಿಡಕ್ಕೆ 15ರಿಂದ 20 ಸೆಂಟಿಮೀಟರ್. ಕೆಲವರು ರಾತ್ರಿ ಬೀಜ ನೆನೆಸಿಡುತ್ತಾರೆ, ಅದನ್ನು ಬಿಟ್ಟುಬಿಡಿ. ಒಂದು ಬೀಜದಲ್ಲಿ ಎಲೆಚುಕ್ಕೆ ರೋಗದ ಬ್ಯಾಕ್ಟೀರಿಯಾ ಇದ್ದರೆ ನೆನೆಸಿದ ನೀರಿನಲ್ಲಿ ಎಲ್ಲಕ್ಕೂ ಹರಡುತ್ತದೆ.

ರಾತ್ರಿ ಬಿಸಿ ಇರುವ ಊರುಗಳಲ್ಲಿ ತಳಿಯಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಬಿತ್ತುವ ದಿನ. ಬಿತ್ತಿದ ಸುಮಾರು ಎರಡು ತಿಂಗಳಿಗೆ ಹೂವು, ಮೂರು ತಿಂಗಳ ಆಸುಪಾಸು ಕಾಯಿ ಅಂತ ಇಟ್ಟುಕೊಳ್ಳಿ. ವರ್ಷದಲ್ಲಿ ರಾತ್ರಿ ತಣಿಯುವ ವಾರಗಳು ಯಾವುವು ನೋಡಿ, ಅಲ್ಲಿಂದ ಎರಡು ತಿಂಗಳು ಹಿಂದಕ್ಕೆ ಎಣಿಸಿ ಬೀಜ ಹಾಕಿ. ಒಂದೇ ದಿನ ಎಲ್ಲ ಬಿತ್ತದೆ, ಅರ್ಧವನ್ನು ಮೂರು ನಾಲ್ಕು ವಾರ ಬಿಟ್ಟು ಬಿತ್ತಿದರೆ ಇನ್ನೂ ಒಳ್ಳೆಯದು. ಮೊದಲ ಸರದಿಯ ಹೂವು ಬಿಸಿಗೆ ಸಿಕ್ಕಿದರೂ ಎರಡನೆಯದು ತಪ್ಪಿಸಿಕೊಳ್ಳಬಹುದು.

ಮೊಳಕೆ ಬಂದಾಗ ಬೇಳೆ ಕಾಣಿಸುತ್ತಿಲ್ಲ ಅಂತ ಮಣ್ಣು ಕೆದಕಬೇಡಿ. ಸಾಮಾನ್ಯ ಬೀನ್ಸ್ ಬೇಳೆಯನ್ನು ಹೊತ್ತುಕೊಂಡೇ ಮೇಲೆ ಬರುತ್ತದೆ, ರನ್ನರ್ ಬೇಳೆಯನ್ನು ಮಣ್ಣೊಳಗೇ ಬಿಟ್ಟು ಕುಡಿಯನ್ನು ಮಾತ್ರ ಮೇಲೆ ಕಳಿಸುತ್ತದೆ. ಬಸವನಹುಳು ಎಳೆ ಕುಡಿಯನ್ನು ಕತ್ತರಿಸಿದರೂ ಎಷ್ಟೋ ಸಲ ಕೆಳಗಿನಿಂದ ಇನ್ನೊಂದು ಕುಡಿ ಹೊರಡುತ್ತದೆ. ಆದರೂ ಮೊದಲ ಎರಡು ವಾರ ರಾತ್ರಿ ಟಾರ್ಚ್ ಹಿಡಿದು ಹೋಗಿ ಬಸವನಹುಳುಗಳನ್ನು ಆರಿಸಿ ತೆಗೆಯಿರಿ. ಈ ಗಿಡಕ್ಕೆ ಅವೇ ದೊಡ್ಡ ಶತ್ರು.

ಕೋಲು 2.4 ಮೀಟರಿನಷ್ಟು ಉದ್ದ ಇರಲಿ. ಎರಡು ಸಾಲು ನೆಟ್ಟು ಮೇಲೆ ಜೋಡಿಸಿ ಕಟ್ಟಿ, ಉದ್ದಕ್ಕೆ ಒಂದು ಅಡ್ಡಗೋಲು ಕೊಡಿ. ಕಾಯಿ ತುಂಬಿದ ಬಳ್ಳಿಯ ಭಾರ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ. ಬಳ್ಳಿ ತುದಿ ಮುಟ್ಟಿದ ಕೂಡಲೇ ಕುಡಿ ಚಿವುಟಿ. ಪಕ್ಕದಲ್ಲಿ ಕವಲು ಒಡೆದು ಕೈಗೆ ಎಟುಕುವ ಎತ್ತರದಲ್ಲೇ ಹೂ ಬಿಡುತ್ತದೆ. ಪಾತಿಯ ಪಕ್ಕ ಬೇರೆ ಹೂವಿನ ಗಿಡಗಳನ್ನು ಹಾಕಿದರೆ ದುಂಬಿಗೆ ಬರುವ ಅಭ್ಯಾಸವಾಗುತ್ತದೆ.

ಕಪ್ಪು ಹೇನು ಎಳೆ ಕುಡಿಗೆ ಮುತ್ತಿದರೆ ಬೆರಳಲ್ಲೇ ಉಜ್ಜಿ ತೆಗೆಯಿರಿ, ಇಲ್ಲವೇ ನೀರನ್ನು ಜೋರಾಗಿ ಹಾಯಿಸಿ. ಎಲೆ ಮಂಕಾಗಿ ಅಡಿಯಲ್ಲಿ ನವಿರು ಬಲೆ ಕಂಡರೆ ಅದು ಕೆಂಪು ನುಸಿ. ಬಿಸಿ, ಒಣ ಹವೆಯಲ್ಲಿ ಬರುತ್ತದೆ. ಹೂ ಬಿಟ್ಟ ಬಳ್ಳಿಗೆ ಕೀಟನಾಶಕ ಹೊಡೆಯಬೇಡಿ, ಕಾಯಿ ಕಟ್ಟಿಸುವ ದುಂಬಿಯೇ ಮೊದಲು ಸಾಯುತ್ತದೆ. ಎಲೆಯ ಮೇಲೆ ಸಣ್ಣ ಚುಕ್ಕೆ, ಸುತ್ತ ಹಳದಿ ಉಂಗುರ ಕಂಡರೆ ಆ ಗಿಡವನ್ನು ಕಿತ್ತು ಹಾಕಿ, ಅದರ ಬೀಜ ಇಟ್ಟುಕೊಳ್ಳಬೇಡಿ.

ನಾರಿನ ಬಗ್ಗೆ ಕೇಳಿದ್ದಿರಿ. ತಳಿ ಎಷ್ಟೇ ಒಳ್ಳೆಯದಿರಲಿ, ಕೊಯ್ಯುವುದು ತಡವಾದರೆ ಕಾಯಿ ಬಿರುಸಾಗುತ್ತದೆ. 15ರಿಂದ 20 ಸೆಂಟಿಮೀಟರ್ ಆದಾಗ, ಒಳಗಿನ ಕಾಳು ಹೊರಗೆ ಉಬ್ಬಿ ಕಾಣುವ ಮುಂಚೆ ಕೊಯ್ಯಿರಿ. ಮಧ್ಯಕ್ಕೆ ಮುರಿದರೆ ಪಟ್ಟನೆ ಮುರಿಯಬೇಕು. ಬಾಗಿ ಜೋತುಬಿದ್ದರೆ ಹೊತ್ತು ಮೀರಿದೆ. ಬಿಡುವ ಕಾಲದಲ್ಲಿ ಎರಡು ಮೂರು ದಿನಕ್ಕೊಮ್ಮೆ ಬಳ್ಳಿಯೊಳಗೆ ಕೈ ಹಾಕಿ ಹುಡುಕಬೇಕು, ಎಲೆಯ ಮರೆಯಲ್ಲಿ ಒಂದೆರಡು ಯಾವಾಗಲೂ ತಪ್ಪಿಸಿಕೊಳ್ಳುತ್ತವೆ. ಅವು ಅಲ್ಲೇ ಬಲಿತರೆ ಬಳ್ಳಿ ಹೊಸ ಹೂವು ಬಿಡುವುದನ್ನು ಕಡಿಮೆ ಮಾಡುತ್ತದೆ. ನಾಲ್ಕೇ ಕಾಯಿ ಬಂದಾಗ ಇನ್ನೂ ದೊಡ್ಡದಾಗಲಿ ಅಂತ ಕಾಯುವುದು ಸಹಜ. ಆ ಕಾಯುವಿಕೆಯೇ ನಾರಿಗೆ ಕಾರಣ ಇರಬಹುದು.

ಬೆಳೆ ಮುಗಿದ ಮೇಲೆ ಬಳ್ಳಿಯನ್ನು ಬುಡದಲ್ಲಿ ಕತ್ತರಿಸಿ, ಬೇರು ಮಣ್ಣಿನಲ್ಲೇ ಇರಲಿ. ಇದು ನಿಜಕ್ಕೂ ವರ್ಷಾನುಗಟ್ಟಲೆ ಬದುಕುವ ಗಿಡ. ಕೆಳಗೆ ಗಡ್ಡೆಯಂಥ ಬೇರು ಇರುತ್ತದೆ. ಚಳಿಗೆ ನೆಲ ಹೆಪ್ಪುಗಟ್ಟದ ಕಡೆ ಮುಂದಿನ ಸಲ ಅದೇ ಬುಡ ಚಿಗುರಿ, ಬೀಜದ ಗಿಡಕ್ಕಿಂತ ಬೇಗ ಹೂ ಬಿಡುವುದುಂಟು.

ಬೀಜ ಇಟ್ಟುಕೊಳ್ಳುವ ಆಸೆ ಇದ್ದರೆ ಒಂದು ತೊಡಕಿದೆ. ದುಂಬಿ ಪರಾಗವನ್ನು ತಳಿಯಿಂದ ತಳಿಗೆ ಸಾಗಿಸುತ್ತದೆ. ನಾನು ಹೇಳಿದ ಹಾಗೆ ಮೂರು ತಳಿ ಒಂದೇ ಪಾತಿಯಲ್ಲಿ ಹಾಕಿದರೆ ಅದರ ಬೀಜ ಬೆರಕೆ. ಮುಂದಿನ ವರ್ಷ ಏನು ಬರುತ್ತದೋ ಹೇಳಲಾಗದು. ಈ ವರ್ಷ ಪರೀಕ್ಷೆ ಮಾಡಿ, ಗೆದ್ದ ತಳಿಯನ್ನು ಮುಂದಿನ ವರ್ಷ ಒಂಟಿಯಾಗಿ ಹಾಕಿ, ಆಗ ಬೀಜ ಇಡಿ.

ಬಲಿತು ಒಣಗಿದ ಕಾಯಿಯ ಕಾಳನ್ನು ಅಡುಗೆಗೂ ಬಳಸಬಹುದು, ಆದರೆ ಹಸಿಯಾಗಿ ಒಂದು ಕಾಳೂ ಬಾಯಿಗೆ ಹಾಕಬೇಡಿ. ಅದರಲ್ಲಿ ಲೆಕ್ಟಿನ್ ಅನ್ನುವ ವಿಷಾಂಶ ಇದೆ, ವಾಂತಿ ಭೇದಿ ಮಾಡಿಸುತ್ತದೆ. ರಾತ್ರಿ ಪೂರ್ತಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಿ, ಆಮೇಲೆ ಮೆತ್ತಗಾಗುವ ತನಕ ಬೇಯಿಸಿ. ಸಣ್ಣ ಉರಿಯಲ್ಲಿ ಕುದಿಯದೆ ಗಂಟೆಗಟ್ಟಲೆ ಇಟ್ಟರೆ ವಿಷ ಹೋಗುವುದಿಲ್ಲ.